ಸೀರೆಗೆ ಸನ್ಮಾನ, ರವಿಕೆಗೆ ಬೆವರು

ನಮ್ಮ ನಾಡಿನಲ್ಲಿ ಸೀರೆಗೆ ಸಿಕ್ಕ ಮರ್ಯಾದೆ ರವಿಕೆಗೆ ಸಿಕ್ಕಿಲ್ಲ. ಮದುವೆ ಮನೆಗೆ ಕಾಲಿಟ್ಟ ಕೂಡಲೇ ಶುರುವಾಗುತ್ತದೆ: "ಸೀರೆ ಎಲ್ಲಿ ತಗೊಂಡ್ರಿ?" ಕಂಚಿಯಾ, ಮೊಳಕಾಲ್ಮೂರಾ, ಧರ್ಮಾವರಮ್ಮಾ ಅಂತ ಊರು ವಿಚಾರಿಸುತ್ತಾರೆ. ಜರಿ ಅಸಲಿಯೋ ನಕಲಿಯೋ ಅಂತ ಸೆರಗಿನ ಅಂಚು ಮಗುಚಿ ನೋಡುತ್ತಾರೆ. ಬೆಲೆ ಕೇಳಿ, "ಪರವಾಗಿಲ್ಲ, ಕಮ್ಮಿಗೇ ಸಿಕ್ತು" ಅಂತ ಬಾಯಲ್ಲಿ ಹೇಳಿ ಹೊಟ್ಟೆಯಲ್ಲಿ ಉರಿದುಕೊಳ್ಳುತ್ತಾರೆ. ಆದರೆ "ರವಿಕೆ ಬಟ್ಟೆ ಯಾವುದು ರೀ?" ಅಂತ ಕೇಳಿದವರನ್ನು ನಾನಂತೂ ಈವರೆಗೆ ಕಂಡಿಲ್ಲ. ಬಹಳವೆಂದರೆ "ಯಾರು ಹೊಲಿದಿದ್ದು?" ಅಂತ ಕೇಳಿಯಾರು. ಅದೂ ಬೆನ್ನಿನ ಕಿಟಕಿ, ತೋಳಿನ ಕುಚ್ಚು ನೋಡಿ. ಟೈಲರ್‌ಗೆ ಹೊಗಳಿಕೆ, ನೇಕಾರನಿಗೆ ಹೊಗಳಿಕೆ, ಪಾಪ ಆ ಬಟ್ಟೆಗೆ ಏನೂ ಇಲ್ಲ.

ಈಗ ಮೇ ತಿಂಗಳ ಒಂದು ಮುಹೂರ್ತ ನೆನೆಸಿಕೊಳ್ಳಿ. ಮಧ್ಯಾಹ್ನದ ಅಭಿಜಿನ್ ಲಗ್ನ, ಛತ್ರದ ತುಂಬ ಜನ, ಮೇಲಿಂದ ಹೋಮದ ಹೊಗೆ. ಇರುವ ಒಂದೇ ದೊಡ್ಡ ಫ್ಯಾನು ವರನ ಕಡೆಯ ಹಿರಿಯರ ಶಲ್ಯ ಹಾರಿಸುವುದರಲ್ಲೇ ಮಗ್ನ. ಅಂಥ ಹೊತ್ತಿನಲ್ಲಿ ಭಾರಿ ರೇಷ್ಮೆ ಸೀರೆ ಸುತ್ತಿಕೊಂಡ ಹೆಂಗಸೊಬ್ಬಳು ಮೂರ್ಛೆ ಹೋಗದೆ, ನಗುನಗುತ್ತಾ ಅಕ್ಷತೆ ಹಾಕಿ, ಕೋಸಂಬರಿಗೆ ಉಪ್ಪು ಕಮ್ಮಿ ಅಂತ ಪಕ್ಕದವಳ ಕಿವಿಯಲ್ಲಿ ಹೇಳುವಷ್ಟು ತ್ರಾಣ ಉಳಿಸಿಕೊಂಡಿದ್ದಾಳೆ ಅಂದರೆ, ಆ ಪುಣ್ಯವೆಲ್ಲ ಕಂಚಿಗೆ ಸೇರಬೇಕಾಗಿಲ್ಲ. ಸೆರಗಿನ ಮರೆಯಲ್ಲಿ ಕೂತು ಬೆವರನ್ನೆಲ್ಲ ಕುಡಿಯುತ್ತಿರುವ ಎಂಬತ್ತು ಸೆಂಟಿಮೀಟರ್ ಹತ್ತಿ ಬಟ್ಟೆಗೆ ಅದರಲ್ಲಿ ದೊಡ್ಡ ಪಾಲಿದೆ. ಅದರ ಹೆಸರು ಟೂ ಬೈ ಟೂ ರುಬಿಯಾ.

ಹೆಸರು ಕೇಳಿ ಗಂಡಸರು ಕಂಗಾಲಾಗಬೇಡಿ. ನಮ್ಮ ಮನೆಯವರ ಫೋನಿಗೆ ನಾನೊಮ್ಮೆ "ಬರುವಾಗ ರುಬಿಯಾ ತನ್ನಿ, ಎಂಬತ್ತು ಸಾಕು, ಕಾಫಿಪುಡಿ ಬಣ್ಣ" ಅಂತ ಮೆಸೇಜು ಕಳಿಸಿದೆ. ಅವರು ಕಾಫಿಪುಡಿ ತಂದರು. ಎಂಬತ್ತು ಗ್ರಾಮ್ ಕೊಡುವುದಿಲ್ಲ ಅಂದನಂತೆ ಅಂಗಡಿಯವನು, ಅದಕ್ಕೇ ಕಾಲು ಕಿಲೋ. ಅವತ್ತಿನಿಂದ ಈ ಇಲಾಖೆಯನ್ನು ನಾನೇ ಇಟ್ಟುಕೊಂಡಿದ್ದೇನೆ.

ರುಬಿಯಾ ಸಿಗುವ ಜಾಗ ಮ್ಯಾಚಿಂಗ್ ಸೆಂಟರ್. ಬೆಂಗಳೂರಿನ ಚಿಕ್ಕಪೇಟೆ, ಗಾಂಧಿಬಜಾರು, ಮಲ್ಲೇಶ್ವರ, ಮೈಸೂರಿನ ದೇವರಾಜ ಅರಸು ರಸ್ತೆ, ಹುಬ್ಬಳ್ಳಿಯ ದುರ್ಗದಬೈಲು, ಎಲ್ಲಿ ಹೋದರೂ ಅಂಗಡಿಯ ಸ್ವರೂಪ ಒಂದೇ. ಅಗಲ ಕಮ್ಮಿ, ಉದ್ದ ಜಾಸ್ತಿ. ನೆಲದಿಂದ ಸೂರಿನವರೆಗೆ ಸುತ್ತಿಟ್ಟ ಬಟ್ಟೆ, ಬಣ್ಣದ ಮೇಲೆ ಬಣ್ಣ. ಕೌಂಟರಿನ ಹಿಂದಿರುವವನಿಗೆ ಗಿರಾಕಿಯ ಹೆಸರು ಗೊತ್ತಿರುವುದಿಲ್ಲ, ಆದರೆ ಅವಳ ಸೀರೆಗೆ ಬೇಕಾದ ಬಣ್ಣ ಯಾವ ಸಾಲಿನ ಎಷ್ಟನೇ ಮಡಿಕೆಯಲ್ಲಿದೆ ಅನ್ನುವುದು ಕಣ್ಣು ಮುಚ್ಚಿದರೂ ಗೊತ್ತು. ಒಂದು ಹಸಿರು ಬೇಕು ಅನ್ನಿ ನೋಡೋಣ. "ಯಾವ ಹಸಿರು ಅಕ್ಕಾ? ಗಿಳಿಹಸಿರಾ, ಎಲೆಹಸಿರಾ, ಪಿಸ್ತಾನಾ, ಬಾಟಲ್ ಗ್ರೀನಾ, ರಾಮಾ ಗ್ರೀನಾ, ಮಾವಿನ ಚಿಗುರಾ?" ಸಸ್ಯಶಾಸ್ತ್ರದ ಪರೀಕ್ಷೆಯಲ್ಲೂ ಇಷ್ಟು ಹಸಿರು ಕೇಳಿರಲಿಕ್ಕಿಲ್ಲ. ಈರುಳ್ಳಿ ಬಣ್ಣ, ಬದನೆಕಾಯಿ ಬಣ್ಣ, ಜೇನು ಬಣ್ಣ, ಇಟ್ಟಿಗೆ ಬಣ್ಣ, ರಾಣಿ ಬಣ್ಣ ಅಂತ ಪಟ್ಟಿ ಬೆಳೆಯುತ್ತದೆ. ನೀಲಿಯಲ್ಲಿ ಒಂದಕ್ಕೆ ಎಂ.ಎಸ್. ಬ್ಲೂ ಅಂತಲೇ ಹೆಸರು. ಎಂ.ಎಸ್. ಸುಬ್ಬುಲಕ್ಷ್ಮಿಯವರು ಉಡುತ್ತಿದ್ದ ಕಂಚಿ ಸೀರೆಯಿಂದ ಬಂದ ಬಣ್ಣ ಅದು. ಸಂಗೀತ ಬಾರದ ನಮ್ಮಂಥವರೂ ಆ ನೀಲಿಯನ್ನು ಧೈರ್ಯವಾಗಿ ಕೇಳಬಹುದು.

ಬಣ್ಣ ಸಿಕ್ಕ ಮೇಲೆ ಇನ್ನೊಂದು ಶಾಸ್ತ್ರವಿದೆ. ಗಿರಾಕಿ ಚೀಲದಿಂದ ಸೀರೆಯ ಸೆರಗಿನ ತುದಿ ಮಾತ್ರ ಹೊರಗೆಳೆಯುತ್ತಾಳೆ, ಬಟ್ಟೆಯ ತುದಿಯನ್ನು ಅದರ ಮೇಲಿಡುತ್ತಾಳೆ, ಎರಡನ್ನೂ ಹಿಡಿದುಕೊಂಡು ಬಾಗಿಲ ಹತ್ತಿರ ಬಿಸಿಲಿಗೆ ನಡೆಯುತ್ತಾಳೆ. ಸುತ್ತಿದ ಬಟ್ಟೆ ಬಿಚ್ಚಿಕೊಳ್ಳುತ್ತಾ ಹಿಂದೆ ಹಿಂದೆ ಹೋಗುತ್ತದೆ. ಅಂಗಡಿಯವನು ನಿಶ್ಚಿಂತನಾಗಿರುತ್ತಾನೆ, ಯಾಕೆಂದರೆ ಇನ್ನೊಂದು ತುದಿ ಅವನ ಕೈಯಲ್ಲೇ ಇದೆ. ಇದು ಹೆಂಗಸರ ಗೀಳು ಅಂತ ಹೊರಗೆ ಸ್ಕೂಟರಿನ ಮೇಲೆ ಕೂತವರು ನಕ್ಕಾರು. ಗೀಳಲ್ಲ ಸ್ವಾಮಿ, ಶುದ್ಧ ಭೌತಶಾಸ್ತ್ರ. ರೇಷ್ಮೆಗೆ ಹಾಕುವ ಬಣ್ಣದ ರಸಾಯನ ಬೇರೆ, ಹತ್ತಿಗೆ ಹಾಕುವುದು ಬೇರೆ. ಟ್ಯೂಬ್‌ಲೈಟಿನಲ್ಲಿ ಅವಳಿ ಮಕ್ಕಳಂತೆ ಕಂಡ ಎರಡು ಬಣ್ಣ ಬಿಸಿಲಿಗೆ ಬಂದ ಕೂಡಲೇ ದಾಯಾದಿಗಳಾಗಿಬಿಡುತ್ತವೆ. ಬಣ್ಣದ ಕಾರ್ಖಾನೆಗಳು ಇದನ್ನು ಪತ್ತೆಹಚ್ಚಲು ನಾನಾ ಬಗೆಯ ದೀಪಗಳಿರುವ ಪೆಟ್ಟಿಗೆ ಇಟ್ಟುಕೊಂಡಿವೆ. ನಮಗೆ ಅಂಗಡಿಯ ಹೊಸ್ತಿಲು ಸಾಕು.

ಇರಲಿ, ಈ ಟೂ ಬೈ ಟೂ ಅಂದರೇನು ಅನ್ನುವುದಕ್ಕೆ ಬರೋಣ. ಕನ್ನಡಿಗರಿಗೆ ಇದನ್ನು ಹೇಳಿಕೊಡುವುದು ಬಹಳ ಸುಲಭ. ಹೋಟೆಲಿಗೆ ಹೋಗಿ ಬೈ ಟೂ ಕಾಫಿ ಅಂದರೆ ಒಂದು ಕಾಫಿ ಎರಡಾಗುತ್ತದೆ. ಬಟ್ಟೆಯಲ್ಲಿ ಅದು ತಿರುಗಾಮುರುಗಾ: ಎರಡು ಎಳೆ ಸೇರಿ ಒಂದಾಗುತ್ತದೆ. ಎರಡು ಸಣ್ಣ ನೂಲನ್ನು ಜೊತೆಗಿಟ್ಟು ಬಿಗಿಯಾಗಿ ಹುರಿ ಮಾಡಿ ಒಂದು ನೂಲು ಮಾಡುತ್ತಾರೆ. ಹಾಸಿನಲ್ಲೂ ಇಂಥದೇ ಜೋಡಿ ನೂಲು, ಹೊಕ್ಕಿನಲ್ಲೂ ಜೋಡಿ ನೂಲು ಇದ್ದರೆ ಅದು ಟೂ ಬೈ ಟೂ. ಹಾಸಿಗೆ ಮಾತ್ರ ಜೋಡಿ ಹಾಕಿ ಹೊಕ್ಕಿಗೆ ಒಂಟಿ ಎಳೆ ಓಡಿಸಿದರೆ ಅದು ಟೂ ಬೈ ಒನ್, ಬೆಲೆಯೂ ಕಮ್ಮಿ, ಬಾಳಿಕೆಯೂ ಕಮ್ಮಿ. ನೇಯ್ಗೆಯಲ್ಲಿ ಏನೂ ಕಸರತ್ತಿಲ್ಲ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ, ಅತ್ಯಂತ ಸಾದಾ ನೇಯ್ಗೆ. ಕರಾಮತ್ತೆಲ್ಲ ನೂಲಿನಲ್ಲಿದೆ.

ಆ ನೂಲು ಎಷ್ಟು ಸಣ್ಣ ಅನ್ನುವುದಕ್ಕೂ ಒಂದು ಲೆಕ್ಕವಿದೆ, ಇಂಗ್ಲೆಂಡಿನ ಗಿರಣಿಗಳಿಂದ ಬಂದದ್ದು. 840 ಗಜ ನೂಲಿಗೆ ಒಂದು ಲಡಿ. ಒಂದು ಪೌಂಡು ಹತ್ತಿಯಿಂದ ಅಂಥ ಎಷ್ಟು ಲಡಿ ತೆಗೆದರು ಅನ್ನುವುದೇ ನೂಲಿನ ನಂಬರು. ನಂಬರು ಹೆಚ್ಚಿದಷ್ಟೂ ನೂಲು ಸಣ್ಣ. 80ನೇ ನಂಬರಿನ ನೂಲು ಅಂದರೆ ಪೌಂಡಿಗೆ 67,200 ಗಜ. ನಮ್ಮ ಲೆಕ್ಕದಲ್ಲಿ, 454 ಗ್ರಾಮ್ ಹತ್ತಿ ತೆಗೆದುಕೊಂಡು ಬೆಂಗಳೂರಿನಿಂದ ಎಳೆಯುತ್ತಾ ಹೋದರೆ ಚನ್ನಪಟ್ಟಣದ ಗೊಂಬೆ ಅಂಗಡಿ ಮುಟ್ಟಬಹುದು. 100ನೇ ನಂಬರಾದರೆ ಮದ್ದೂರು ವಡೆಯ ಕರಿದ ವಾಸನೆ ಮೂಗಿಗೆ ಬಡಿಯುವಷ್ಟು ದೂರ. ಅಂಥ ಎಳೆ ಒಂಟಿಯಾಗಿದ್ದರೆ ಬಹಳ ನಾಜೂಕು. ಅದಕ್ಕೇ ಎರಡನ್ನು ಹುರಿಗೊಳಿಸುವುದು. 80ರ ಎರಡು ಎಳೆ ಸೇರಿದರೆ 40ರ ಒಂಟಿ ನೂಲಿನಷ್ಟೇ ಭಾರ, ಆದರೆ ಅದಕ್ಕಿಂತ ಗಟ್ಟಿ, ಅದಕ್ಕಿಂತ ನಯ.

ಹುರಿ ಬಿಗಿಯಾದಷ್ಟೂ ನೂಲು ಗುಂಡಗಾಗುತ್ತದೆ. ಗುಂಡಗಿನ ನೂಲುಗಳು ಪಕ್ಕಪಕ್ಕದಲ್ಲಿ ಕೂತರೆ ನಡುವೆ ಕಿಂಡಿ ಉಳಿಯುತ್ತದೆ, ಆ ಕಿಂಡಿಯಲ್ಲಿ ಗಾಳಿ ಆಡುತ್ತದೆ. ಒಳ್ಳೆಯ ಮಾಲಿಗೆ ಇನ್ನೊಂದು ಸಂಸ್ಕಾರವೂ ಉಂಟು. ನೂಲನ್ನು ಗ್ಯಾಸಿನ ಉರಿಯ ನಡುವೆ ಸರ್ರನೆ ಎಳೆದು, ಮೇಲೆದ್ದಿರುವ ಕೂದಲೆಳೆಯ ಜುಂಗನ್ನೆಲ್ಲ ಸುಟ್ಟುಹಾಕುತ್ತಾರೆ. ನೂಲು ಸುಡಬಾರದು, ಜುಂಗು ಉಳಿಯಬಾರದು. ಅಷ್ಟು ವೇಗ, ಅಷ್ಟು ಹದ. ಇನ್ನು ಕೆಲವು ಬಟ್ಟೆಯ ಅಂಚಿನಲ್ಲಿ ಮರ್ಸರೈಸ್ಡ್ ಅಂತ ಅಚ್ಚು ಹಾಕಿರುತ್ತಾರೆ. ಇದು 19ನೇ ಶತಮಾನದ ನಡುವಿನಲ್ಲಿ ಜಾನ್ ಮರ್ಸರ್ ಎಂಬ ಇಂಗ್ಲೆಂಡಿನವನು ಕಂಡುಹಿಡಿದ ಉಪಾಯ. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಅದು ಉಬ್ಬಿ, ಗಟ್ಟಿಯಾಗಿ, ಬಣ್ಣವನ್ನು ಚೆನ್ನಾಗಿ ಹೀರುತ್ತದೆ. ಎಳೆದು ಹಿಡಿದು ಅದ್ದಿದರೆ ಹೊಳಪೂ ಬರುತ್ತದೆ ಅನ್ನುವುದನ್ನು 1890ರ ಹೊತ್ತಿಗೆ ಇನ್ನೊಬ್ಬ ಕಂಡುಕೊಂಡ. ಪಾಠಪುಸ್ತಕದವರು ನಮಗೆ ಜೇಮ್ಸ್ ವಾಟನ ಕೆಟಲ್ ತೋರಿಸಿದರು, ಮರ್ಸರನ ಬಕೆಟ್ ತೋರಿಸಲಿಲ್ಲ.

ರುಬಿಯಾ ಒಂಟಿ ಹೆಣ್ಣಲ್ಲ, ದೊಡ್ಡ ಕುಟುಂಬದವಳು. ಮನೆತನದ ಹೆಸರು ವಾಯಿಲ್. ಜೋಡಿ ನೂಲಿನದು ಫುಲ್ ವಾಯಿಲ್, ಅರೆಜೋಡಿಯದು ಹಾಫ್ ವಾಯಿಲ್. ಈಗ ಐವತ್ತು ದಾಟಿದವರನ್ನು ಕೇಳಿ, "ಅಮ್ಮನ ವಾಯಿಲ್ ಸೀರೆ" ಅಂದ ಕೂಡಲೇ ಅವರ ಮುಖ ಮೆತ್ತಗಾಗುತ್ತದೆ. ಟೀಚರಮ್ಮ ಉಟ್ಟಿದ್ದು ಅದೇ, ಬ್ಯಾಂಕಿನ ಕೌಂಟರಿನ ಹಿಂದೆ ಕೂತವರು ಉಟ್ಟಿದ್ದೂ ಅದೇ. ಬಿಳಿ ನೆಲದ ಮೇಲೆ ಸಣ್ಣ ಹೂ, ತೆಳು ಅಂಚು, ಅನ್ನದ ಗಂಜಿ, ಮಡಿಕೆ ಮುರಿಯದ ನೆರಿಗೆ. ಬೆಳಿಗ್ಗೆ ಗರಿಗರಿಯಾಗಿ ಹೊರಟ ಸೀರೆ ಸಂಜೆಗೆ ಮೈಗೆ ಹೊಂದಿಕೊಂಡು ಬರುತ್ತಿತ್ತು. ಹಳೆಯದಾದ ಮೇಲೂ ಅದಕ್ಕೆ ನಿವೃತ್ತಿ ಇರಲಿಲ್ಲ. ಮೊದಲು ಲಂಗ, ಆಮೇಲೆ ಮಗುವಿಗೆ ಜೋಲಿ, ಆಮೇಲೆ ಹಪ್ಪಳ ಸಂಡಿಗೆ ಒಣಗಿಸುವ ಹಾಸು, ಕೊನೆಗೆ ಸ್ಟೌ ಒರೆಸುವ ಬಟ್ಟೆ. ಸರ್ಕಾರಿ ನೌಕರರಿಗೂ ಇಷ್ಟು ದೀರ್ಘ ಸೇವಾವಧಿ ಇಲ್ಲ.

ಗಂಡಸರು "ಇದೆಲ್ಲ ಹೆಂಗಸರ ತಲೆನೋವು" ಅಂತ ಕೈ ಕೊಡವುವಂತಿಲ್ಲ. ಪಂಜಾಬಿನ ಬಟ್ಟೆ ಅಂಗಡಿಗೆ ಹೋಗಿ ನೋಡಿ. ಅಲ್ಲಿ ಫುಲ್ ವಾಯಿಲ್ಲು, ರುಬಿಯಾ ಎರಡೂ ಸರದಾರರ ಪೇಟದ ಬಟ್ಟೆಗಳು. ಗಡ್ಡ ಮೀಸೆ ಬಿಟ್ಟ ಆರಡಿ ಆಳು ತನ್ನ ಶರ್ಟನ್ನು ಕೌಂಟರಿನ ಮೇಲಿಟ್ಟು, "ಇದಕ್ಕೆ ಒಪ್ಪುವ ಬಣ್ಣ ತೋರಿಸು" ಅಂತ ನಮ್ಮಷ್ಟೇ ಹಟ ಮಾಡುತ್ತಾನೆ. ಐದಾರು ಮೀಟರ್ ಸುತ್ತಿದರೂ ತಲೆ ಕಾಯಬಾರದು, ಭಾರವಾಗಬಾರದು, ಮಡಿಕೆ ಜಾರಬಾರದು. ಅಂಥ ಬಟ್ಟೆ ಇನ್ನಾವುದು? ದೂರದ ಸುಡಾನಿನ ಹೆಂಗಸರು ಮೈತುಂಬ ಹೊದೆಯುವ ತೋಬ್‌ಗೂ ವಾಯಿಲ್ ಬೇಕು. ಎಲ್ಲೆಲ್ಲಿ ಸೂರ್ಯ ಕನಿಕರವಿಲ್ಲದೆ ಸುಡುತ್ತಾನೋ ಅಲ್ಲೆಲ್ಲ ಈ ಬಟ್ಟೆಗೆ ಬಂಧುಗಳಿದ್ದಾರೆ. ಅಷ್ಟು ದೂರ ಯಾಕೆ, ನಮ್ಮ ಮಾವನವರು ತಮ್ಮ ಪಂಚೆಯನ್ನು ನಂಬರು ಕೇಳದೆ ಕೊಂಡವರಲ್ಲ. "ನೂರರದ್ದು ಕೊಡಪ್ಪಾ" ಅಂತ ಅಂಗಡಿಯವನಿಗೆ ಹೇಳುವಾಗ ಅವರ ದನಿಯಲ್ಲಿದ್ದ ಗತ್ತು ಸೊಸೆ ರವಿಕೆ ಬಟ್ಟೆ ಹಿಡಿದು ನಿಂತಾಗ ಮಾತ್ರ, "ಯಾವುದಾದರೇನು, ತಗೊಂಡು ಬಾಮ್ಮಾ ಬೇಗ" ಆಗುತ್ತಿತ್ತು.

ಸಣ್ಣ ನೂಲು ಬೇಕಾದರೆ ಉದ್ದ ಎಳೆಯ ಹತ್ತಿ ಬೇಕು. ಗಿಡ್ಡ ಎಳೆಯ ಹತ್ತಿಯಿಂದ ಕಂಬಳಿ ದಪ್ಪದ ನೂಲು ತೆಗೆಯಬಹುದು, 80, 100 ಆಗದ ಮಾತು. ಹಾಗಾಗಿ ನಮ್ಮ ಗಿರಣಿಗಳು ಈಜಿಪ್ಟ್, ಸುಡಾನುಗಳಿಂದ ಹತ್ತಿ ತರಿಸುತ್ತಿದ್ದವು. ಆಗ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಎಂಬ ಕೃಷಿ ವಿಜ್ಞಾನಿ ಒಂದು ಮದುವೆ ಮಾಡಿಸಿದರು. ನಮ್ಮ ಕಡೆಯ ಲಕ್ಷ್ಮಿ ಎಂಬ ತಳಿಯ ಹತ್ತಿಗೂ ಉದ್ದ ಎಳೆಯ ಬೇರೆ ಜಾತಿಯ ಹತ್ತಿಗೂ ಅಂತರಜಾತೀಯ ವಿವಾಹ. ಹತ್ತಿಯಲ್ಲಿ ಎರಡು ಬೇರೆ ಜಾತಿ ಬೆರೆಸಿ ರೈತರ ಹೊಲಕ್ಕೆ ಬಂದ ಮೊದಲ ಹೈಬ್ರಿಡ್ ಅದು. 1972ರಲ್ಲಿ ಬಿಡುಗಡೆಯಾದ ಆ ಕೂಸಿಗೆ ಇಟ್ಟ ಹೆಸರು ವರಲಕ್ಷ್ಮಿ. 1981ರಲ್ಲಿ ಅದೇ ಧಾರವಾಡದಿಂದ ಇನ್ನೊಂದು ಬಂತು, ಜಯಲಕ್ಷ್ಮಿ. ಕಾಗದದಲ್ಲಿ ಡಿಸಿಎಚ್-32. ಹಾವೇರಿ ಧಾರವಾಡ ಸೀಮೆಯಲ್ಲಿ ಬರೀ ಡಿಸಿಎಚ್ ಅಂದರೂ ರೈತರಿಗೆ ತಿಳಿಯುತ್ತದೆ.

ಈ ಹೈಬ್ರಿಡ್ ಬೀಜ ತಯಾರಾಗುವ ಬಗೆ ಕೇಳಿದರೆ ರವಿಕೆಯ ಮೇಲೆ ಗೌರವ ಇನ್ನೂ ಹೆಚ್ಚುತ್ತದೆ. ರಾಣೆಬೆನ್ನೂರಿನ ಸುತ್ತಮುತ್ತ ಬೀಜದ ಹೊಲಗಳಲ್ಲಿ ಸಂಜೆ ಹೆಣ್ಣುಮಕ್ಕಳು ಸಾಲಿನಲ್ಲಿ ನಿಂತು, ನಾಳೆ ಅರಳಬೇಕಾದ ಮೊಗ್ಗನ್ನು ಉಗುರಿನಿಂದ ಸೀಳಿ, ಒಳಗಿನ ಕೇಸರವನ್ನೆಲ್ಲ ಸುತ್ತಲೂ ಬಿಡಿಸಿ ತೆಗೆಯುತ್ತಾರೆ. ಶಲಾಕೆಗೆ ಪೆಟ್ಟಾಗಬಾರದು. ಮಾರನೆಯ ಬೆಳಿಗ್ಗೆ ಮತ್ತೆ ಬಂದು, ಗಂಡು ಸಾಲಿನ ಹೂ ಕಿತ್ತು, ಅದರ ಪರಾಗವನ್ನು ನಿನ್ನೆಯ ಮೊಗ್ಗಿಗೆ ಸವರುತ್ತಾರೆ. ಒಂದೊಂದು ಮೊಗ್ಗಿಗೂ ಹೀಗೇ, ಯಂತ್ರವಿಲ್ಲ, ಬರೀ ಬೆರಳು. ಅಂಥ ಬೀಜದಿಂದ ಬೆಳೆದ ಹತ್ತಿಯ ಬಟ್ಟೆಯನ್ನು ನಾವು "ಅಯ್ಯೋ, ರುಬಿಯಾ ತಾನೇ" ಅನ್ನುತ್ತೇವೆ.

ವರಲಕ್ಷ್ಮಿಯ ಹೆಸರೆತ್ತಿದ ಮೇಲೆ ವರಮಹಾಲಕ್ಷ್ಮಿ ಹಬ್ಬದ ವಿಷಯ ಬಿಡಲಾದೀತೆ? ಶ್ರಾವಣದಲ್ಲಿ ಅರಿಶಿನ ಕುಂಕುಮಕ್ಕೆ ಕರೆದವರ ಮನೆಯಲ್ಲೆಲ್ಲ ತಾಂಬೂಲದ ಜೊತೆ ರವಿಕೆ ಕಣ ಕೊಡುತ್ತಾರೆ. ಆ ಕಣ ಹತ್ತಿಯದಲ್ಲ, ಮುಟ್ಟಿದರೆ ಜಾರುವ ಪಾಲಿಯೆಸ್ಟರು. ಅದನ್ನು ಯಾರೂ ಹೊಲಿಸುವುದಿಲ್ಲ, ಹೊಲಿಸಲಿ ಅಂತ ಯಾರೂ ಕೊಡುವುದೂ ಇಲ್ಲ. ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಅವರ ನಾದಿನಿಯ ಮನೆಗೆ, ಅಲ್ಲಿಂದ ಮತ್ತೆ ಮೊದಲಿನ ಬೀರುವಿಗೆ. ನೋಟು ಬಂದಿ ಆದದ್ದುಂಟು, ಕಣ ಬಂದಿ ಆದದ್ದಿಲ್ಲ. ಹತ್ತಿ ಬೆಳೆಸಿದ ವರಲಕ್ಷ್ಮಿಯ ಹೆಸರಿನ ಹಬ್ಬದಲ್ಲಿ ಪೆಟ್ರೋಲಿಯಂನ ಬಟ್ಟೆ ಸುತ್ತು ಹೊಡೆಯುತ್ತಿದೆ. ಉತ್ತರ ಕರ್ನಾಟಕದವರು ಈ ವಿಷಯದಲ್ಲಿ ಜಾಣರು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವೇ ಆಗಬೇಕು ಅಂತ ಹಟ ಹಿಡಿದು, ಖಣಕ್ಕೂ ಒಂದು ಊರು, ಒಂದು ಹೆಸರು ಉಳಿಸಿಕೊಂಡರು.

ಪಾಲಿಯೆಸ್ಟರು ಬಂದ ಕಥೆ ಗೊತ್ತೇ ಇದೆ. ಮೊದಲು ನೈಲಾನ್, ಆಮೇಲೆ ಟೆರಿಲಿನ್, ಟೆರಿಕಾಟ್. ಒಗೆದು ಹಾಕಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ, ಗಂಜಿ ಬೇಡ. ಗಂಜಿ ಹಾಕಿ ಹಾಕಿ ಕೈ ಸೋತ ಹೆಂಗಸರು ಅದನ್ನು ಅಪ್ಪಿಕೊಂಡರು ಅಂದರೆ ತಪ್ಪೇನು? ಬೆಳಿಗ್ಗೆ ಆರಕ್ಕೆ ಎದ್ದು, ಎಂಟರ ಬಸ್ಸು ಹಿಡಿಯುವವಳಿಗೆ ವಾಯಿಲ್ ಸೀರೆಯ ನೆರಿಗೆ ತೀಡುತ್ತಾ ಕೂರಲು ಪುರುಸೊತ್ತೆಲ್ಲಿ? ಬಟ್ಟೆಯ ಬಗ್ಗೆ ಭಾವುಕವಾಗಿ ಬರೆಯುವ ಗಂಡಸರಲ್ಲಿ ಎಷ್ಟು ಜನ ಗಂಜಿ ಕಾಯಿಸಿದ್ದಾರೆ ಅನ್ನುವುದನ್ನೂ ಒಮ್ಮೆ ಕೇಳಬೇಕು. ಸೀರೆಯಲ್ಲಿ ಸೋತ ಹತ್ತಿ ರವಿಕೆಯಲ್ಲಿ ಮಾತ್ರ ಸೋಲಲಿಲ್ಲ. ಸೀರೆ ಮೈಯಿಂದ ಸ್ವಲ್ಪ ದೂರ ನಿಲ್ಲುತ್ತದೆ, ಅದರ ಮೋಸ ನಡೆಯುತ್ತದೆ. ರವಿಕೆ ಕಂಕುಳಿಗೆ ಅಂಟಿಕೊಂಡೇ ಇರುವುದು, ಅಲ್ಲಿ ಪಾಲಿಯೆಸ್ಟರಿನ ಬಣ್ಣ ಒಂದೇ ಬಸ್ ಪ್ರಯಾಣದಲ್ಲಿ ಬಯಲಾಗುತ್ತದೆ. ಸೀರೆ ನೋಡುವವರಿಗಾಗಿ, ರವಿಕೆ ತೊಟ್ಟವಳಿಗಾಗಿ.

ಈಗಿನ ಡಿಸೈನರ್ ಬ್ಲೌಸಿನ ಕಾಲದಲ್ಲಿ ರುಬಿಯಾಕ್ಕೆ ವಿಚಿತ್ರ ಬಡ್ತಿ ಸಿಕ್ಕಿದೆ, ಹೊರಗಿನಿಂದ ಒಳಕ್ಕೆ. ಮೇಲೆ ಬ್ರೊಕೇಡು, ರಾ ಸಿಲ್ಕು, ಕನ್ನಡಿ, ಮಣಿ, ಆರಿ ವರ್ಕು. ಹೊಲಿಗೆಗೆ ಸಾವಿರಗಟ್ಟಲೆ. ಚುಚ್ಚುತ್ತದೆ ಅಂತ ಒಳಗೆ ಲೈನಿಂಗು. ಲೈನಿಂಗಿಗೆ ಏನು ಬಟ್ಟೆ? ಅದೇ ಹತ್ತಿ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮಿಂಚುವುದು ಬ್ರೊಕೇಡು, ಮೈ ಸಂಭಾಳಿಸುವುದು ಒಳಗಿನ ಬಡಪಾಯಿ. ಬಿಲ್ಲಿನಲ್ಲೂ ಅದರ ಹೆಸರು ಬರೆಯುವುದಿಲ್ಲ, "ಲೈನಿಂಗ್ ಎಕ್ಸ್‌ಟ್ರಾ" ಅಂತ ಕೊನೆಗೊಂದು ಸಾಲು.

ನಮ್ಮ ಊರುಗಳಲ್ಲಿ ನೂಲು ತೆಗೆಯುತ್ತಿದ್ದ ಗಿರಣಿಗಳ ಗತಿಯೂ ಹೆಚ್ಚುಕಮ್ಮಿ ಹೀಗೇ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ಈಗ ಬೆಣ್ಣೆದೋಸೆಯ ಹೆಸರಿನಲ್ಲಿ ನೆನೆಸಿಕೊಳ್ಳುತ್ತಾರೆ. ಬೆಂಗಳೂರಿನ ಮಿನರ್ವ ಮಿಲ್ಸ್ ಹೆಸರು ಇವತ್ತು ಬಟ್ಟೆಯವರಿಗಿಂತ ವಕೀಲರ ಬಾಯಲ್ಲೇ ಜಾಸ್ತಿ, 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ. ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಯಲ್ಲಿ ರಾಜಾ ಮಿಲ್ ಇತ್ತು, ಅದೇ ಜಾಗದಲ್ಲಿ ಈಗ ಮಂತ್ರಿ ಮಾಲ್ ಇದೆ. ರಾಜ ಹೋಗಿ ಮಂತ್ರಿ ಬಂದ. ಅಲ್ಲಿ ಏಸಿಯ ತಂಪಿನಲ್ಲಿ ಪಾಲಿಯೆಸ್ಟರ್ ಕುರ್ತಾ ತೊಟ್ಟು ಓಡಾಡಬಹುದು, ಹೊರಗೆ ಬಂದು ಆಟೋ ಹುಡುಕುವಾಗ ಮಾತ್ರ ಅದರ ಪ್ರತಾಪ ಗೊತ್ತಾಗುತ್ತದೆ. ಇವತ್ತಿನ ರುಬಿಯಾ ಪವರ್‌ಲೂಮಿನ ಮಾಲು. ನಿಪ್ಪಾಣಿ ದಾಟಿದರೆ ಸಿಗುವ ಇಚಲಕರಂಜಿಯಂಥ ಊರುಗಳಲ್ಲಿ ಸಣ್ಣ ನೂಲಿನ ಹತ್ತಿ ಬಟ್ಟೆ ನೇಯುತ್ತಾರೆ. ಆ ಊರಿಗೆ 1904ರಲ್ಲೇ ಮೊದಲ ಪವರ್‌ಲೂಮ್ ಬಂದಿತ್ತು. ಬಣ್ಣ ಕಾಣುವುದು ಎಷ್ಟೋ ಸಲ ರಾಜಸ್ಥಾನದ ಪಾಲಿ, ಬಾಲೋತ್ರಾ ಕಡೆ. ಚಿಕ್ಕಪೇಟೆಯಲ್ಲಿ "ಬನ್ನಿ ಅಕ್ಕಾ, ಪಕ್ಕಾ ಕಲರ್" ಅಂತ ಅಪ್ಪಟ ಕನ್ನಡದಲ್ಲಿ ಕರೆಯುವ ಮಾರ್ವಾಡಿ ಅಂಗಡಿಯವರು ಎಷ್ಟೋ ಜನರ ಊರೂ ಆ ಸೀಮೆಯೇ. ಹತ್ತಿಯೊಂದು ದೇಶ, ಮಗ್ಗವೊಂದು ದೇಶ, ಬಣ್ಣವೊಂದು ದೇಶ ಸುತ್ತಿ ಬಂದ ಬಟ್ಟೆ ಕೊನೆಗೆ ನಮ್ಮ ಟೈಲರ್ ಅಂಗಡಿಯ ಗೂಡಿನಲ್ಲಿ, ಚೀಟಿ ಚುಚ್ಚಿಸಿಕೊಂಡು, "ನಾಳೆ ಬನ್ನಿ ಮೇಡಂ" ಅನ್ನುವ ಮಾತು ಕೇಳುತ್ತಾ ಬಿದ್ದಿರುತ್ತದೆ.

ಢಾಕಾದ ಮಸ್ಲಿನ್ ಉಂಗುರದಲ್ಲಿ ತೂರುತ್ತಿತ್ತು ಅಂತ ಎಲ್ಲರೂ ಬರೆದಿದ್ದಾರೆ. ತೂರಿರಲಿ ಪಾಪ. ನಮಗೆ ಉಂಗುರದಲ್ಲಿ ತೂರುವ ಬಟ್ಟೆಗಿಂತ ತೋಳಿನಲ್ಲಿ ಹರಿಯದ ಬಟ್ಟೆ ಮುಖ್ಯ. ಅದನ್ನು ಗುರುತಿಸುವ ವಿದ್ಯೆ ಕಲಿತುಕೊಳ್ಳಿ. ಈಗ ಪಾಲಿ ರುಬಿಯಾ ಅಂತೊಂದು ಬಂದಿದೆ, ಹೆಸರಿನಲ್ಲಿ ರುಬಿಯಾ, ಹೊಟ್ಟೆಯಲ್ಲಿ ಪಾಲಿಯೆಸ್ಟರು. ಬಟ್ಟೆಯ ಕೊರೆ ಅಂಚಿನಿಂದ ನಾಲ್ಕು ಎಳೆ ಬಿಡಿಸಿ ಮನೆಗೆ ತಂದು ಬೆಂಕಿಕಡ್ಡಿ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಉದುರುವ ಬೂದಿಯಾಗುತ್ತದೆ. ಪಾಲಿಯೆಸ್ಟರಾದರೆ ಮುದುಡಿ, ಕರಗಿ, ಗಟ್ಟಿ ಮಣಿಯಾಗಿ ಕೂರುತ್ತದೆ. ಎರಡೂ ಆದರೆ ಬೆರಕೆ. ಅಂಗಡಿಯಲ್ಲೇ ನೋಡುವುದಾದರೆ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ, ಎಳೆಗಳು ಸಮವಾಗಿ ಕೂತಿರಬೇಕು. ಒಂದು ಮೂಲೆಯನ್ನು ಎರಡು ಬೆರಳ ನಡುವೆ ಚೆನ್ನಾಗಿ ಉಜ್ಜಿ. ಬಿಳಿ ಪುಡಿ ಉದುರಿದರೆ ನೀವು ಕೊಳ್ಳುತ್ತಿರುವುದು ಬಟ್ಟೆಗಿಂತ ಗಂಜಿಯನ್ನೇ ಹೆಚ್ಚು. ಮೊದಲ ಒಗೆತಕ್ಕೆ ಅದು ಸೊಳ್ಳೆಪರದೆ. ಮಡಿಚಿ ಹಿಂಡಿ ಬಿಡಿ. ಬಿಗಿಹುರಿಯ ರುಬಿಯಾ ಸುಕ್ಕಾಗುತ್ತದೆ, ಆದರೆ ಪುಟಿಯುತ್ತದೆ, ಸತ್ತಂತೆ ಮಲಗುವುದಿಲ್ಲ. ಅಂಗಡಿಯವನು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಹಾಗೆ ಪರೀಕ್ಷೆ ಮಾಡಿ ಕೊಳ್ಳುವ ಗಿರಾಕಿಗೆ ಅವನು ಮುಂದಿನ ಸಲ ಕೆಳಗಿನ ಸಾಲಿನ ಒಳ್ಳೆಯ ಮಾಲನ್ನೇ ತೆಗೆಯುತ್ತಾನೆ.

ಇನ್ನು ಕೊನೆಯ ಮಾತು, ಇದನ್ನು ಬರೆದಿಟ್ಟುಕೊಳ್ಳಿ. ಹೊಸ ರುಬಿಯಾ ತಂದವರು ನೇರವಾಗಿ ಟೈಲರ್ ಹತ್ತಿರ ಓಡಬೇಡಿ. ಮಗ್ಗದಲ್ಲೂ ಬಣ್ಣದ ಮನೆಯಲ್ಲೂ ಆ ನೂಲನ್ನು ಎಳೆದು ಎಳೆದು ಇಟ್ಟಿರುತ್ತಾರೆ, ನೀರು ಕಂಡ ಕೂಡಲೇ ಅದು ಉಸ್ಸಪ್ಪಾ ಅಂತ ತನ್ನ ಮೊದಲಿನ ಅಳತೆಗೆ ಹಿಂದಿರುಗುತ್ತದೆ. ಹೊಲಿದ ಮೇಲೆ ಹಿಂದಿರುಗಿದರೆ ತೋಳು ನಿಮ್ಮದು, ಗತಿ ನಿಮ್ಮದು. ಒಂದು ರಾತ್ರಿ ತಣ್ಣೀರಿನಲ್ಲಿ ಬೇರೆಯಾಗಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕೊಡಿ. ಎಂಬತ್ತು ಸಾಕು ಅಂದರೂ ತೊಂಬತ್ತು ಕೊಳ್ಳಿ. ಕೊಡುವಾಗ, "ಒಳಗೆ ಎರಡು ಹೊಲಿಗೆಯಷ್ಟು ಜಾಗ ಬಿಡಪ್ಪಾ" ಅಂತ ಹೇಳುವುದನ್ನಂತೂ ಮರೆಯಲೇಬೇಡಿ. ಬಟ್ಟೆ ಕುಗ್ಗುವುದು ಒಂದೆರಡು ಒಗೆತಕ್ಕೆ ನಿಲ್ಲುತ್ತದೆ, ನಾವು ಹಿಗ್ಗುವುದು ನಿಲ್ಲುವುದಿಲ್ಲ.